ಮೂರನೆಯ ಸಾಲು

ನಿದ್ದೆಗಣ್ಣಿನಲ್ಲಿ ಏನನ್ನೋ ಕಂಡಿರಬೇಕು ಎನ್ನಬೇಡಿ, ಇದು ನಡೆದದ್ದು ಹಾಡಹಗಲಲ್ಲಿ. ಅಂದು ರಜೆ. ಆಫೀಸಿನಲ್ಲಿ ಇದ್ದವರು ನಾನು ಮತ್ತು ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯ ಸಹೋದ್ಯೋಗಿ, ಇಬ್ಬರೇ. ಬಾಗಿಲಿಗೆ ಕಾರ್ಡ್ ತೋರಿಸಿ ಒಳಬಂದವರ ವಿವರ ಡೇಟಾಬೇಸ್ ಸೇರುತ್ತದೆ. ಈಗ ಒಳಗೆ ಯಾರಿದ್ದಾರೆ ಎಂದು ಅದನ್ನು ಕೇಳುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದು ಓಡಿಸಿದೆ. ಮೂರು ಸಾಲು ಬಂದವು. ಅಕ್ಕನದು, ನನ್ನದು. ಮೂರನೆಯದರಲ್ಲಿ ಹೆಸರಿನ ಜಾಗ ಖಾಲಿ.

ಅಕ್ಕನ ಕೈವಾಡವೇ ಎಂದುಕೊಂಡೆ. ಹಿಂದೊಮ್ಮೆ ನನ್ನ ಮೌಸಿನ ಅಡಿಗೆ ಟೇಪ್ ಅಂಟಿಸಿ ಅರ್ಧ ದಿನ ಒದ್ದಾಡಿಸಿದವರು ಅವರು.

“ನನ್ನ ಸ್ಕ್ರೀನಲ್ಲಿ ಎರಡೇ ಇದೆ ಕಣೋ,” ಎಂದರು ತಲೆಯೆತ್ತದೆ. “ಒಂದು ಸಾಲು ಕಮಿಟ್ ಆಗಿಲ್ಲ, ಅಂದ್ರೆ ಖಾಯಂ ಆಗಿಲ್ಲ ಅನ್ಸತ್ತೆ. ಸೇರಿಸಿದ ಮೇಲೆ ಕಮಿಟ್ ಅಂತ ಹೇಳದಿದ್ರೆ ಅದು ಸೇರಿಸಿದವನಿಗೆ ಮಾತ್ರ ಕಾಣತ್ತೆ. ಪ್ರೋಗ್ರಾಂ ಮುಚ್ಚು, ತಾನಾಗೇ ಅಳಿಸಿಹೋಗತ್ತೆ.”

“ನಾನು ಬರೀ ಓದಿದ್ದು ಅಕ್ಕಾ, ಏನೂ ಸೇರಿಸೇ ಇಲ್ಲ.”

“ಮತ್ತೆ ದೆವ್ವ ಬಂದು ಸೇರಿಸ್ತಾ?” ಎಂದು ನಕ್ಕರು.

ಪಕ್ಕದ ಖಾಲಿ ಕುರ್ಚಿ ಕಿರುಗುಟ್ಟಿತು. ಸೀಟಿನ ಮೇಲೆ ಕೈಯಿಟ್ಟು ನೋಡಿದೆ. ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು. ಪ್ರೋಗ್ರಾಂ ಮುಚ್ಚಿ, ಮತ್ತೆ ಓಡಿಸಿದೆ.

ಈ ಸಲ ಎರಡೇ ಸಾಲು. ಒಂದು ಅಕ್ಕನದು. ಇನ್ನೊಂದರಲ್ಲಿ ಹೆಸರಿನ ಜಾಗ ಖಾಲಿ. ನನ್ನದು ಇರಲಿಲ್ಲ.

“ಅಕ್ಕಾ,” ಎಂದೆ.

ಅಕ್ಕ ತಲೆಯೆತ್ತಿದರು. ನನ್ನತ್ತ ಅಲ್ಲ, ಆ ಖಾಲಿ ಕುರ್ಚಿಯತ್ತ ನೋಡಿ, “ಮೂರನೇ ಸಾಲು ಹೋಯ್ತೇನೋ?” ಎಂದು ಕೇಳಿದರು.