ಬೊಮ್ಮಕ್ಕನ ಮೂರನೇ ಗಿಂಡಿ

ನಿಮ್ಮಜ್ಜನ ಮುತ್ತಜ್ಜ ಇನ್ನೂ ತೊಟ್ಟಿಲು ಕಾಣದ ಕಾಲ. ಏಳು ಕೆರೆಗಳ ನಾಡು ಅಂತೊಂದು ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಕಾಫಿ ಕಾಯಿಸುವವಳು ಬೊಮ್ಮಕ್ಕ. ಅವಳ ಗಂಡ ಕೆಂಚಪ್ಪ ಕೋಟೆಬಾಗಿಲ ಕಾವಲುಗಾರ.

ಬೊಮ್ಮಕ್ಕನ ಹತ್ತಿರ ಒಂದು ಗಿಂಡಿಯಿತ್ತು. ಕೆಳಗಿನ ಹೊಟ್ಟೆಗೆ ನೀರು, ನಡುವಿನ ಜರಡಿಗೆ ಪುಡಿ. ಕೆಂಡದ ಮೇಲಿಟ್ಟರೆ ನೀರು ಪುಡಿಯೊಳಗಿಂದ ನುಗ್ಗಿ ಮೇಲೇರಿ, ಮೇಲಂತಸ್ತಿನಲ್ಲಿ ಕಪ್ಪಗೆ ತುಂಬಿಕೊಳ್ಳುತ್ತಿತ್ತು. ಗೊರಗೊರ ಅಂದ ಕೂಡಲೇ ಇಳಿಸಬೇಕು. ಮುಂಚೆ ಇಳಿಸಿದರೆ ನೀರುನೀರು, ತಡವಾದರೆ ಸುಟ್ಟ ಕಹಿ.

ಒಂದು ಬೆಳಿಗ್ಗೆ ನಿದ್ದೆಮಲ್ಲನೆಂಬ ಮಾಂತ್ರಿಕ ಬೂದಿಬಣ್ಣದ ಹದ್ದಿನ ಮೇಲೆ ಕೂತು ಬಂದ. ಮೂರು ಸಲ ಆಕಳಿಸಿದ. ರಾಜ ಸಿಂಹಾಸನದಲ್ಲೇ ತೂಕಡಿಸಿದ. ರಾಣಿ ಕನ್ನಡಿಗೆ ಹಣೆಯಿಟ್ಟು ನಿದ್ದೆಹೋದಳು. ಕೆರೆಯ ಮೀನುಗಳೂ ಕಣ್ಣು ಮುಚ್ಚಿದವು. ರುಚಿ ನೋಡಲೆಂದು ಆಗತಾನೇ ಒಂದು ಲೋಟ ಕಾಫಿ ಕುಡಿದಿದ್ದ ಬೊಮ್ಮಕ್ಕ ಒಬ್ಬಳಿಗೇ ಎಚ್ಚರ.

ಅವಳು ಕೋಟೆಬಾಗಿಲಿಗೆ ಓಡಿದಳು. ಕೆಂಚಪ್ಪ ಈಟಿಗೆ ಒರಗಿ ನಿಂತೇ ಮಲಗಿದ್ದ. ಅವನ ಪಾದ ಆಗಲೇ ಕಲ್ಲಾಗಿತ್ತು.

"ಇವರ ನಿದ್ದೆಯೇ ನನ್ನ ಬಲ," ಎಂದ ಬಾಗಿಲ ಬಳಿ ನಿಂತಿದ್ದ ನಿದ್ದೆಮಲ್ಲ. "ಒಬ್ಬನನ್ನು ಎಬ್ಬಿಸು, ಎಲ್ಲರೂ ಏಳುತ್ತಾರೆ. ಮೂರು ಸಲ ನೋಡು. ಆಗಲಿಲ್ಲವೋ, ಊರಿಗೆ ಊರೇ ಕಲ್ಲು!"

"ನನ್ನ ಗಂಡನ್ನ ಎಬ್ಬಿಸೋಕೆ ನಿನ್ನ ಅಪ್ಪಣೆ ಬೇರೆ ಬೇಕೇನೋ? ಸರಿ ಆಚೆ!" ಎಂದಳು ಬೊಮ್ಮಕ್ಕ. ಅಗ್ಗಿಷ್ಟಿಕೆ ತಂದು ಅಲ್ಲೇ ಹೂಡಿದಳು. ಡಬ್ಬಿಯಲ್ಲಿ ಇದ್ದದ್ದೇ ಮೂರು ಸಲಕ್ಕಾಗುವಷ್ಟು ಪುಡಿ.

ಮೊದಲನೇ ಸಲ ಗಿಂಡಿ ಇಟ್ಟಳು. ನಿದ್ದೆಮಲ್ಲ ಚಿಟಿಕೆ ಹೊಡೆದ. ಅವಳ ಕಿವಿ ಹೋಯಿತು. ಗೊರಗೊರ ಕೇಳಲಿಲ್ಲ. ಸೀದ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ತಡವಾಗಿತ್ತು. ಗಂಡನ ಬಾಯಿಗೆ ಹನಿಸಿದಳು. ಅವನು ಏಳಲಿಲ್ಲ. ಕಲ್ಲು ಮಂಡಿ ದಾಟಿತು.

ಎರಡನೇ ಸಲ ಇಟ್ಟಳು. ಮತ್ತೆ ಚಿಟಿಕೆ. ಮೂಗು ಹೋಯಿತು. ಈ ಸಲ ಸೀಯಬಾರದು ಅಂತ ಹೆದರಿ, ಕಪ್ಪು ಕಂಡಿತೋ ಇಲ್ಲವೋ ಇಳಿಸಿಬಿಟ್ಟಳು. ಕಾಫಿ ನೀರಾಗಿತ್ತು. ಕಲ್ಲು ಎದೆಗೇರಿತು. ಕೆಂಚಪ್ಪನ ಉಸಿರು ಸಣ್ಣಗಾಯಿತು.

ಮೂರನೇ ಸಲ. ಡಬ್ಬಿ ಕೊಡವಿ ಕೊನೆಯ ಪುಡಿ ತುಂಬಿದಳು, ಒತ್ತದೆ ಹಗುರವಾಗಿ ಸವರಿದಳು. ಗಿಂಡಿ ಇಟ್ಟಿದ್ದೇ ತಡ, ಕಣ್ಣೂ ಕತ್ತಲಾಯಿತು. ಕಿವಿಯಿಲ್ಲ, ಮೂಗಿಲ್ಲ, ಕಣ್ಣಿಲ್ಲ. ಮಾಂತ್ರಿಕ ನಗುತ್ತಿದ್ದನೋ ಏನೋ, ಅವಳಿಗೇನು ಗೊತ್ತು?

"ಇಷ್ಟು ವರ್ಷ ಈ ಗಿಂಡಿ ಎತ್ತಿ ಇಳಿಸಿದ ಕೈ ಇದೆಯಲ್ಲ," ಅಂದುಕೊಂಡಳು. ಮರದ ಹಿಡಿಯ ಮೇಲೆ ಅಂಗೈ ಇಟ್ಟಳು.

ಮೊದಲು ಏನೂ ಇಲ್ಲ. ಆಮೇಲೆ ಹಿಡಿ ಸಣ್ಣಗೆ ಅದುರಿತು. ನೀರು ಏರುತ್ತಿದೆ. ಹೆದರಿಕೆ, ಇಳಿಸು ಇಳಿಸು ಅಂದಿತು. ಇಳಿಸಲಿಲ್ಲ. ಹಬೆ ಬೆರಳು ಸುಟ್ಟಿತು. ಕೈ ತೆಗೆಯಲಿಲ್ಲ. ಆಮೇಲೆ ಗಿಂಡಿ ಚಳಿಗೆ ನಡುಗುವ ಕೂಸಿನ ಹಾಗೆ ಗಡಗಡನೆ ನಡುಗಿತು. ತಟ್ಟನೆ ಇಳಿಸಿದಳು!

ತಡವಿ ತಡವಿ ಕೆಂಚಪ್ಪನ ಮುಖ ಹುಡುಕಿದಳು. ಗಲ್ಲ ಕಲ್ಲಾಗಿತ್ತು. ತುಟಿ ಮಾತ್ರ ಇನ್ನೂ ಮೆತ್ತಗಿತ್ತು. ಊದಿ ಊದಿ ಆರಿಸಿ, ಸುರಿದಳು.

ಯಾರೋ ಕೆಮ್ಮಿದ್ದು ಕೇಳಿಸಿತು. ಹೌದು, ಕೇಳಿಸಿತು!

"ಲೇ ಬೊಮ್ಮಿ, ಸಕ್ಕರೆ ಹಾಕೋದು ಮರೆತೆಯೇನೇ?"

"ಅಯ್ಯೋ ನನ್ನ ರಾಯರೇ, ಎದ್ದಿದ್ದಕ್ಕೆ ಇದೇ ಮೊದಲ ಮಾತೇನ್ರೀ!" ಅಂತ ಅತ್ತಳು, ನಕ್ಕಳು. ಕಣ್ಣು ಬಂತು, ಮೂಗು ಬಂತು. ಕೆಂಚಪ್ಪನ ಮೈಯಿಂದ ಕಲ್ಲು ಇಳಿಯಿತು. ಆ ಘಮಕ್ಕೆ ರಾಜ ಎದ್ದ, ರಾಣಿ ಎದ್ದಳು, ಮೀನು ಬಾಲ ಬಡಿದವು.

ಊರವರು ಎದ್ದರೆ ಅವರ ನಿದ್ದೆಯೆಲ್ಲ ಎಲ್ಲಿಗೆ ಹೋಗಬೇಕು? ಅಷ್ಟೂ ನಿದ್ದೆಮಲ್ಲನ ಮೈಮೇಲೇ ಬಿತ್ತು. ನಿಂತಲ್ಲೇ ಕುಸಿದು ಕಲ್ಲಾದ. ಹದ್ದು ಹಾರಿಹೋಯಿತು.

ಅವತ್ತಿಂದ ಏಳು ಕೆರೆಗಳ ನಾಡಿನಲ್ಲಿ ಎಲ್ಲರೂ ಹಾಯಾಗಿ ಮಲಗಿ ಹಾಯಾಗಿ ಎದ್ದರು. ಆ ಕಲ್ಲು ಈಗಲೂ ಬಾಗಿಲಲ್ಲಿ ಗೊರಕೆ ಹೊಡೆಯುತ್ತಿದೆಯಂತೆ. ಅದಕ್ಕೊಂದು ಲೋಟ ಕಾಫಿ ಕೊಡೋಣ ಅಂತ ಯಾರಿಗೂ ಅನ್ನಿಸಿಲ್ಲ.