ಸೀಳು ಬೀಚ್ ಮರದ ಜಿಂಕೆ

ಬಾಗಿಲು ತಟ್ಟಿದ ಸದ್ದಿಗೆ ಕಲೀನಾ ಮೂರನೇ ಸಲ ಕನ್ನಡಿ ನೋಡಿಕೊಂಡಳು. ಮೂಗಿನ ತುದಿಯಲ್ಲಿ ಕಂದು ಬಣ್ಣ. ಒರೆಸಿಕೊಳ್ಳುವಷ್ಟರಲ್ಲಿ ಅರಣ್ಯ ರಕ್ಷಕ ಸೆವೆರಿನ್ ಒಳಗೆ ಬಂದೇಬಿಟ್ಟ. ಅವನ ಬೂಟಿಗೆಲ್ಲ ಕೆಂಪೆಲೆ ಮೆತ್ತಿತ್ತು.

"ಚಿತ್ರ ಮುಗೀತಂತಲ್ಲ ಮೇಡಂ?"

"ನೋಡಿ. ಜಿಂಕೆಯ ಒಂದು ರೋಮ ತಪ್ಪಿದ್ರೂ ಕೇಳಿ."

ಮೂರು ವಾರದಿಂದ ಬ್ಯೆಶ್ಚಾದಿ ಬೆಟ್ಟದ ಮಚಾನಿನಲ್ಲಿ ಇಬ್ಬರೂ ಮೊಣಕೈ ತಾಗಿಸಿ ಕೂತು, ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತ, ಆ ಗಂಡು ಜಿಂಕೆಗಾಗಿ ಕಾದಿದ್ದರು. ನಾಳೆ ಬೆಳಿಗ್ಗೆ ಚಿತ್ರದ ಜೊತೆ ಅವಳೂ ತನ್ನೂರು ಕ್ರಾಕೋವ್‌ನ ಪ್ರದರ್ಶನಕ್ಕೆ ಹೊರಡಬೇಕು. ಇವತ್ತಾದರೂ ಈ ಮನುಷ್ಯ ಬಾಯಿ ಬಿಟ್ಟಾನೇ ಎಂದು ಅವಳ ಜೀವ ಚಡಪಡಿಸುತ್ತಿತ್ತು.

ಸೆವೆರಿನ್ ಬಾಯಿ ಬಿಟ್ಟ. "ಈ ಸೀಳು ಮರ ಅಳಿಸಿಬಿಡಿ."

"ಏನು?"

"ಸಿಡಿಲು ಬಡಿದು ಸೀಳಿದ ಬೀಚ್ ಮರ ಈ ಕಾಡಲ್ಲಿ ಇರೋದು ಒಂದೇ. ಪ್ರದರ್ಶನಕ್ಕೆ ಬರೋರಲ್ಲಿ ಅರ್ಧ ಜನ ಬೇಟೆಗಾರರು. ಇಂಥ ಕೊಂಬು ಕಂಡ್ರೆ ಜೊಲ್ಲು ಸುರಿಸ್ತಾರೆ. ಜಿಂಕೆಯ ವಿಳಾಸಾನೂ ನೀವೇ ಕೊಟ್ಟ ಹಾಗಾಯ್ತು."

ಕಲೀನಾಳಿಗೆ ಕೆನ್ನೆಗೆ ಹೊಡೆದಂತಾಯಿತು. "ನಾನು ಇರೋದನ್ನ ಇದ್ದ ಹಾಗೇ ಬರೆಯೋಳು. ಇವತ್ತಿನವರೆಗೂ ಒಂದೆಲೆ ಸುಳ್ಳು ಬರೆದಿಲ್ಲ. ನೀವು ಬಂದಿದ್ದು ಮರ ಎಣಿಸೋಕಾ?"

"ಮತ್ತೇನಕ್ಕೆ ಬರ್ಲಿ?" ಅಂದ ಆ ಪೆದ್ದ. ಟೊಪ್ಪಿ ಎತ್ತಿಕೊಂಡು ನಡೆದೇಬಿಟ್ಟ.

ಆಮೇಲೆ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿ ತೆರೆದಳು, ಮುಚ್ಚಿದಳು. ಅಂಗಳದಲ್ಲಿ ಎಲೆ ಸರಿದಾಡಿದರೂ ಅವನದೇ ಹೆಜ್ಜೆಯೆನಿಸುತ್ತಿತ್ತು. ಅದು ಬರೀ ಮರವಾಗಿದ್ದರೆ ಆಗಲೇ ಅಳಿಸುತ್ತಿದ್ದಳು. ಮೊದಲ ದಿನ ಮಳೆಗೆ ಸಿಕ್ಕಿ ಇಬ್ಬರೂ ಒತ್ತಿಕೊಂಡು ನಿಂತದ್ದು ಆ ಸೀಳಿನಲ್ಲೇ. ಅವಳು ಊರಿಗೆ ಒಯ್ಯಬೇಕೆಂದಿದ್ದುದು ಜಿಂಕೆಯನ್ನಲ್ಲ, ಅದನ್ನು.

ಸಂಜೆ ಕಾಡಿನಿಂದ ಜಿಂಕೆ ಕೂಗಿತು. ಗಂಟಲು ಹರಿಯುವಂತೆ, ಜೊತೆಗೆ ಯಾರಾದರೂ ಬನ್ನಿ ಎಂಬಂತೆ. ಅದು ಬದುಕಿ ಉಳಿಯಲಿ ಅನಿಸಿತು. ಕಲೀನಾ ಚಾಕು ಎತ್ತಿಕೊಂಡು, ಅಳುತ್ತಲೇ, ಮರದ ಹಸಿ ಬಣ್ಣವನ್ನು ಕೆರೆದಳು.

ಬೆಳಿಗ್ಗೆ ವ್ಯಾನ್ ಬಂತು, ಅದರ ಹಿಂದೆಯೇ ಸೆವೆರಿನ್. ಚಿತ್ರದಲ್ಲಿ ಮರವಿದ್ದ ಕಡೆ ಬೆಳ್ಳನೆಯ ಮಂಜು ಕಂಡು ಟೊಪ್ಪಿ ತೆಗೆದ.

"ಸುಳ್ಳು ಬರೆದ್ರಲ್ಲ."

"ಹೂಂ. ಇನ್ನು ಆ ಮರ ನೋಡ್ಬೇಕು ಅಂದ್ರೆ ನಾನು ಇಲ್ಲಿಗೇ ಬರ್ಬೇಕು."

"ಬರ್ಬೇಕು ಅಂದ್ರೆ ಮೊದಲು ಹೋಗ್ಬೇಕಲ್ಲ." ಅವನು ಟೊಪ್ಪಿಯನ್ನು ಹಿಂಡುತ್ತಿದ್ದ. "ಹೋಗ್ಲೇಬೇಕಾ? ನಿನ್ನೆ ಅದನ್ನೇ ಕೇಳೋಕೆ ಬಂದಿದ್ದೆ. ಮರ ನೋಡಿ ಗಾಬರಿ ಆಗಿ ಎಲ್ಲಾ ಮರೆತುಹೋಯ್ತು."

"ಮೂರು ವಾರ ಏನು ಮಾಡ್ತಿದ್ರಿ?"

"ಚಹಾ ಕುಡಿಸ್ತಿದ್ನಲ್ಲ!"

ಅವಳಿಗೆ ನಗು ಬಂತು, ಅಳುವೂ ಬಂತು. ಸೆವೆರಿನ್ ಹತ್ತಿರ ಬಂದು ಅವಳ ಮೂಗಿನ ಮೇಲಿನ ಬಿಳಿ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದ.

ಹೊರಗೆ ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಕೊನೆಗೆ ವ್ಯಾನಿನಲ್ಲಿ ಚಿತ್ರವೊಂದೇ ಹೋಯಿತು.