ಹುಂಜದ ಕೊಂಡಿಯ ಇಸ್ತ್ರಿ ಪೆಟ್ಟಿಗೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ತಿವೊಂಗೆ ಎದ್ದು ಮುಖ ತೊಳೆದು, ಬಾಗಿಲ ಹಿಂದಿನ ಮೊಳೆಯಿಂದ ಬಿಳಿ ಅಂಗಿ ತೆಗೆದುಕೊಂಡಳು. ತೋಳಿಗೆ ಏರಿಸಿದ ಮೇಲೆ ಗೊತ್ತಾಯಿತು. ಸುಕ್ಕಾಗಿತ್ತು. ತಣ್ಣಗಿತ್ತು.

ನೆಂಟರು ಬರುವ ಮುಂಚಿನ ಎರಡು ತಿಂಗಳು ಆ ಮೊಳೆಯ ಮೇಲಿನ ಅಂಗಿ ಬೆಚ್ಚಗಿರುತ್ತಿತ್ತು.

ಗುಂಡಿ ಹಾಕಿಕೊಂಡಳು. ಕರಿಯ ಬಟ್ಟೆಯನ್ನು ಸೊಂಟಕ್ಕೆ ಸುತ್ತಿದಳು. ಬೋಳಿಸಿದ ತಲೆಗೆ ವಸ್ತ್ರ ಕಟ್ಟಿದಳು. ಹೆಂಗಸರು ಸಾಲಾಗಿ ಮಲಗಿದ್ದ ಚಾಪೆಗಳನ್ನು ಅತ್ತೆ ನಿನ್ನೆಯೇ ಸುತ್ತಿಕೊಂಡು ಹೋಗಿದ್ದರು. ಬರಿನೆಲದ ಮೂಲೆಯಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಕೂತಿತ್ತು. ಕಬ್ಬಿಣದ ಹಳೇ ಪೆಟ್ಟಿಗೆ, ಮುಚ್ಚಳಕ್ಕೆ ಹುಂಜದ ಆಕಾರದ ಕೊಂಡಿ, ಹುಂಜದ ಜುಟ್ಟು ಮುರಿದಿತ್ತು.

ಗಂಡ ಸುಜ್ಗೊ ಅದನ್ನು ತಂದ ದಿನ ಅವಳು ಕೇಳಿದ್ದಳು, ಎಲ್ಲಿಂದ ಅಂತ. "ಬೆಟ್ಟದಿಂದ," ಅಂದಿದ್ದ. ಅಷ್ಟೇ. ಯಾರದು ಎಂದು ಗೊತ್ತಾದದ್ದು ಅವನು ಸಾಯುವ ದಿನ. ಆಸ್ಪತ್ರೆಗೆ ಹೋಗುವ ವ್ಯಾನಿನಲ್ಲಿ, ಮಲೇರಿಯಾ ನೆತ್ತಿಗೇರಿ ಕಣ್ಣು ಮೇಲಾಗುತ್ತಿದ್ದಾಗ, ಅವಳ ಕೈ ಹಿಡಿದು ಹೇಳಿದ್ದ: "ಕವಾಲೆ ಶಾಲೆ ಹೆಡ್ ಮೇಡಂದು ಆ ಪೆಟ್ಟಿಗೆ. ಮರೀಬೇಡ. ವಾಪಸ್ ಕೊಡು."

ಆಮೇಲೆ ಅವನು ಮಾತಾಡಲಿಲ್ಲ.

ನಾಲ್ಕು ವರ್ಷ ಜೊತೆಗಿದ್ದ ಗಂಡ ಹೆಂಡತಿಗೆ ಬಿಟ್ಟುಹೋದ ಕೊನೆಯ ಮಾತು ಒಂದು ಇಸ್ತ್ರಿ ಪೆಟ್ಟಿಗೆಯ ಬಗ್ಗೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಹೂಳಿದ ಮೇಲೆ ವಾಡಿಕೆಯಂತೆ ಹಿರಿಯರು ಎದ್ದು ನಿಂತು ಕೇಳಿದ್ದರು: "ಯಾರದಾದರೂ ವಸ್ತು ಇವನ ಹತ್ತಿರ ಉಳಿದಿದ್ದರೆ ಈಗಲೇ ಹೇಳಿ. ಮಣ್ಣು ಒಣಗಿದ ಮೇಲೆ ಕೇಳಬೇಡಿ." ಕವಾಲೆಯ ಹೆಡ್ ಮೇಡಂ ಎರಡನೇ ಸಾಲಿನಲ್ಲೇ ಕೂತಿದ್ದರು. ತಲೆ ತಗ್ಗಿಸಿದರು. ಬಾಯಿ ಬಿಡಲಿಲ್ಲ. ಯಾಕೆ ಎಂಬುದು ತಿವೊಂಗೆಗೆ ಅರ್ಥವಾಗಿರಲಿಲ್ಲ.

"ಹೇಗೆ ಎದ್ದೆ ಮಗಳೇ?" ಬೆಳಗಿನ ವಂದನೆ, ಅಂಗಳದಿಂದ ಚಿರ್ವಾ ಅವರ ದನಿ. ನಿವೃತ್ತ ಪೋಸ್ಟ್ ಮಾಸ್ಟರು, ಸಂಘದ ಅಧ್ಯಕ್ಷರು. ಸಂಘ ಅಂದರೆ ಮೂರೇ ಜನ. ಪತ್ರ ಬರೆಯಲು ಚಿರ್ವಾ, ಶಾಲೆಗಳ ಸೂರಿನ ಮೇಲೆ ಹತ್ತಿ ಸೋಲಾರ್ ಕೂರಿಸಲು ಸುಜ್ಗೊ, ಮೀಟರು ಓದಿ ಕಚೇರಿಗಳಿಗೆ ಓಡಾಡಲು ಇಂಜಿನಿಯರಿಂಗ್ ಓದಿದ ತಿವೊಂಗೆ. ಈಗ ಇಬ್ಬರು.

"ಎದ್ದಿದ್ದೇನೆ. ನೀವು ಹೇಗೆ ಎದ್ದಿರಿ?"

"ಎದ್ದಿದ್ದೇನೆ." ಅವರು ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತ ನಿಂತರು. "ಇವತ್ತೇ ಈ ಮಾತು ತರಬಾರದಿತ್ತು. ಕವಾಲೆಯ ಬ್ಯಾಟರಿ ಸತ್ತು ಎರಡು ವಾರ ಆಯ್ತು. ಇನ್ನು ಮೂರು ವಾರಕ್ಕೆ ಎಂಟನೇ ಕ್ಲಾಸಿನ ಪರೀಕ್ಷೆ. ಪ್ಯಾನೆಲ್ ದಾನ ಕೊಟ್ಟವರು ಕಾರಣ ಕೇಳ್ತಿದ್ದಾರೆ, ಸಂಜೆಯೊಳಗೆ."

"ಹೋಗಿ ಮೀಟರ್ ನೋಡ್ತೀನಿ."

"ನೋಡೋದೇನು ಮಗಳೇ? ಇಸ್ತ್ರಿ ಪೆಟ್ಟಿಗೆನೋ ಹೀಟರೋ ಹಾಕಿದ್ದಾರೆ ಅಂತಾದರೆ ನಿಯಮ ನಿನಗೆ ಗೊತ್ತು. ಪ್ಯಾನೆಲ್ ಬಿಚ್ಚಿ ಸಾಲಿನಲ್ಲಿರೋ ಮುಂದಿನ ಶಾಲೆಗೆ ಕೊಡಬೇಕು. ವೈರಿಂಗ್ ತಪ್ಪು ಅಂದರೆ ಹೊಸ ಬ್ಯಾಟರಿ ಕಳಿಸ್ತಾರೆ." ಅವರು ಅವಳ ಮುಖ ನೋಡಲಿಲ್ಲ. "ವೈರಿಂಗ್ ತಪ್ಪು ಅಂತ ಬರೆದುಬಿಡು. ಸತ್ತವನಿಗೆ ಏನಾಗುತ್ತೆ? ಮಕ್ಕಳಿಗೆ ಬೆಳಕಾಗುತ್ತೆ."

ತಿವೊಂಗೆ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿದಳು, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿದಳು. ರಸ್ತೆಯಲ್ಲಿ ಬಾಡಿಗೆ ಬೈಕಿನವನು ಗಂಟಿನಿಂದ ಇಣುಕುತ್ತಿದ್ದ ಹುಂಜವನ್ನು ನೋಡಿ, "ಅಕ್ಕಾ, ಕೋಳಿಗೂ ಟಿಕೆಟ್ ಬೇಕಾಗುತ್ತೆ," ಅಂದ. ಕರಿಬಟ್ಟೆ ಕಣ್ಣಿಗೆ ಬಿದ್ದು ನಾಲಿಗೆ ಕಚ್ಚಿಕೊಂಡ. ಬೈಕು ರುಂಫಿ ಪೇಟೆ ದಾಟಿತು.

ಕವಾಲೆಯ ಏರು ಉದ್ದದ್ದು. ತೊಡೆಯ ಮೇಲಿನ ಪೆಟ್ಟಿಗೆ ಪ್ರತಿ ಕುಳಿಗೂ ಖಣ್ ಎನ್ನುತ್ತಿತ್ತು.

ಅವನನ್ನು ಮೊದಲು ಕಂಡದ್ದೂ ಇಂಥದೇ ಏರಿನ ಕೊನೆಯಲ್ಲಿ, ಬೇರೊಂದು ಶಾಲೆಯ ಅಂಗಳದಲ್ಲಿ. ಸೂರಿಗೆ ಏರಿಸಬೇಕಿದ್ದ ಪ್ಯಾನೆಲ್ ನೆಲದ ಮೇಲಿತ್ತು. ಅವನು ಮೀಟರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

"ಮೇಡಂ, ನಿಮ್ಮ ನೆರಳು ನನ್ನ ವೋಲ್ಟ್ ತಿಂತಾ ಇದೆ."

"ಇಷ್ಟು ನೆರಳಿಗೆ ವೋಲ್ಟ್ ಅಷ್ಟು ಬೀಳಲ್ಲ. ಆಂಪಿಯರ್ ಬೀಳುತ್ತೆ."

ಅವನು ತಲೆ ಎತ್ತಿದ. ಕಣ್ಣಿನ ಮೂಲೆಯಿಂದ ಹೊರಟ ನಗು ಬಾಯಿಗೆ ಬರಲು ತುಸು ಹೊತ್ತು ಹಿಡಿಯಿತು. "ನನಗೂ ಗೊತ್ತಿತ್ತು. ನೀವು ಮಾತಾಡ್ತೀರೋ ಇಲ್ಲವೋ ನೋಡೋಣ ಅಂತ."

"ಹೆಸರು?"

"ಸುಜ್ಗೊ."

"ಸುಜ್ಗೊ ಅಂದರೆ ತೊಂದರೆ. ಅದನ್ನೇ ಹೆಸರಿಟ್ಟಿದ್ದಾರಾ?"

"ಅಮ್ಮ ಒಳ್ಳೆಯವಳು. ಹುಡುಗಿಯರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಾಳೆ."

ಅವಳು ಎಚ್ಚರಿಕೆ ಕೇಳಿರಲಿಲ್ಲ.

ಈ ವರ್ಷ ಊರಿನ ಕರೆಂಟು ಬೆಳಗಿನ ಹೊತ್ತು ಬರುವುದನ್ನೇ ನಿಲ್ಲಿಸಿತ್ತು. ಮನೆಯ ಸೋಲಾರಿನ ಎರಡು ಬ್ಯಾಟರಿ ದೀಪಗಳಿಗಷ್ಟೇ ಸಾಲುತ್ತಿದ್ದವು. ಅವಳಿಗೆ ಹನ್ನೊಂದು ಶಾಲೆಗಳ ಅನುಮತಿಗಾಗಿ ದಿನವೂ ಜಿಲ್ಲಾ ಕಚೇರಿಗೆ ಅಲೆದಾಟ. ಒಂದು ಸಂಜೆ ಮನೆಗೆ ಬಂದು, "ಸುಕ್ಕು ಅಂಗಿಯವರನ್ನ ಬೆಂಚಿನ ಮೇಲೇ ಕೂರಿಸ್ತಾರೆ ಸುಜ್ಗೊ," ಅಂದಿದ್ದಳು. ನಗುತ್ತಲೇ ಅಂದಿದ್ದಳು. ಆ ಶನಿವಾರ ಪೆಟ್ಟಿಗೆ ಬಂತು.

ಆಮೇಲೆ ದಿನವೂ ಬೆಳಿಗ್ಗೆ ಅವನು ಅಂಗಳದಲ್ಲಿ ಕೆಂಡ ತುಂಬಿದ ಪೆಟ್ಟಿಗೆಯನ್ನು ಅತ್ತಿತ್ತ ತೂಗಿ ಕಾವೇರಿಸುತ್ತಿದ್ದ. "ಸೋಲಾರಿನವನ ಮನೇಲಿ ಇದ್ದಿಲು!" ಎಂದು ಪಕ್ಕದ ಮನೆಯವರು ನಗುತ್ತಿದ್ದರು. "ಅದೂ ಹೆಂಡತಿ ಅಂಗಿಗೆ!" ಅವನು ಬೆರಳು ಒದ್ದೆ ಮಾಡಿ ತಳಕ್ಕೆ ಮುಟ್ಟಿಸಿ, ಚುಂಯ್ ಎಂದರೆ ಸರಿ ಎಂದು ತಲೆಯಾಡಿಸುತ್ತಿದ್ದ. ಕಾಲರ್ ಕೊನೆಗೆ. "ಕುತ್ತಿಗೆ ಹತ್ತಿರದ್ದು ಬಿಸಿಯಾಗೇ ಇರಬೇಕು," ಎನ್ನುತ್ತಿದ್ದ. ಅವಳು ಯಾಕೆ ಎಂದರೆ, "ನಾನು ಅಲ್ಲಿಗೆ ಬರಕ್ಕಾಗಲ್ಲವಲ್ಲ, ಕಚೇರಿಗೆ," ಎಂದು ಕಾಲರ್ ನೆಟ್ಟಗೆ ಮಾಡುವ ನೆಪದಲ್ಲಿ ಹೆಬ್ಬೆರಳನ್ನು ಅವಳ ಕಿವಿಯ ಕೆಳಗೆ ಒಂದು ಕ್ಷಣ ಹೆಚ್ಚೇ ಇಡುತ್ತಿದ್ದ.

ಕವಾಲೆಯ ಹೆಡ್ ಮೇಡಂ ನ್ಯಾಲುಹಾಂಗಾ ಬಾಗಿಲಲ್ಲೇ ನಿಂತಿದ್ದರು. ಐವತ್ತು ದಾಟಿದ ಒಂಟಿ ಹೆಂಗಸು. ಅವರ ಲಂಗದ ನೆರಿಗೆ ಕತ್ತರಿಯ ಅಲಗಿನಂತಿರುತ್ತದೆ ಎಂದು ಜಿಲ್ಲೆಯೆಲ್ಲ ಹೇಳುತ್ತಿತ್ತು. ಇಂದೂ ಹಾಗೇ ಇತ್ತು.

ತಿವೊಂಗೆ ಗಂಟನ್ನು ಬಿಚ್ಚಲಿಲ್ಲ. ನೇರ ಮೀಟರಿನ ಕೋಣೆಗೆ ಹೋದಳು.

ಮೊದಲು ವೈರಿಂಗ್ ನೋಡಿದಳು. ಪ್ರತಿ ತಿರುಪು ಬಿಗಿ. ಪ್ರತಿ ತಂತಿಯ ತುದಿಗೆ ಅವನ ಕೈಬರಹದ ಚೀಟಿ. ಅವಳ ಬೆರಳು ಆ ಅಕ್ಷರಗಳ ಮೇಲೆ ನಿಲ್ಲಲಿಲ್ಲ. ಮೀಟರಿನ ನೆನಪನ್ನು ಲ್ಯಾಪ್‌ಟಾಪಿಗೆ ಇಳಿಸಿದಳು. ಪರದೆಯ ಮೇಲೆ ಗೆರೆ ಮೂಡಿತು. ಸಂಜೆ ಮಕ್ಕಳ ಓದಿನ ದಿಬ್ಬ, ಆಮೇಲೆ ಸಪಾಟು, ಬೆಳಗಿನ ಆರಕ್ಕೆ ಮೊಳೆ ನೆಟ್ಟಂತೆ ಒಂದು ಗೆರೆ ನೆಟ್ಟಗೆ ಮೇಲಕ್ಕೆ. ಸಾವಿರ ವ್ಯಾಟ್. ಮರುದಿನವೂ. ಅದರ ಮರುದಿನವೂ. ಭಾನುವಾರ ಮಾತ್ರ ಇಲ್ಲ.

"ಮೇಡಂ, ಆರು ಗಂಟೆಗೆ ಏನು ಹಾಕ್ತಿದ್ದಿರಿ?"

"ರೇಡಿಯೋ."

"ರೇಡಿಯೋ ಸಾವಿರ ವ್ಯಾಟ್ ತಿನ್ನಲ್ಲ."

"ನನಗೆ ನಿನ್ನ ವ್ಯಾಟ್ ಲೆಕ್ಕ ಗೊತ್ತಿಲ್ಲ ಹುಡುಗಿ."

"ಸಂಜೆಯೆಲ್ಲ ದುಡಿದು ಬಸವಳಿದ ಬ್ಯಾಟರಿ. ಬಿಸಿಲು ಬರೋ ಮುಂಚೆ ದಿನವೂ ಅದರ ಎದೆ ಮೇಲೆ ಆನೆ ನಿಲ್ಲಿಸಿದ್ದೀರಿ." ಅವಳ ದನಿ ಏರಲಿಲ್ಲ. "ಊರಲ್ಲಿ ಇದನ್ನ ನನ್ನ ಗಂಡನ ತಪ್ಪು ಅಂತ ಬರೀಬೇಕು ಅಂತಿದ್ದಾರೆ."

ಮೇಡಂ ಕುರ್ಚಿಯ ಬೆನ್ನು ಹಿಡಿದುಕೊಂಡರು. ಹೊರಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು.

"ಕರೆಂಟಿನ ಇಸ್ತ್ರಿ ಪೆಟ್ಟಿಗೆ," ಅಂದರು ಕೊನೆಗೆ. "ತಂಗಿಯದು. ಇಪ್ಪತ್ತಾರು ವರ್ಷ ಈ ಮಕ್ಕಳ ಮುಂದೆ ಒಂದು ದಿನವೂ ಸುಕ್ಕು ಬಟ್ಟೇಲಿ ನಿಂತಿಲ್ಲ ನಾನು. ನನ್ನ ಪೆಟ್ಟಿಗೆ ನಿಮ್ಮ ಮನೇಲಿತ್ತು. ಹತ್ತು ನಿಮಿಷ ತಾನೇ ಅಂದ್ಕೊಂಡೆ. ಬ್ಯಾಟರಿ ಸತ್ತ ಮೇಲೆ ಹಾಸಿಗೆಯಡಿ ಇಟ್ಟು ಒತ್ತಿ ಹಾಕ್ಕೋತಿದ್ದೀನಿ."

ತಿವೊಂಗೆ ತೋಳಿನ ಸುಕ್ಕನ್ನು ನೋಡಿಕೊಂಡಳು. ಎರಡು ತಿಂಗಳು. ತನ್ನ ಅಂಗಿ ಬೆಚ್ಚಗಾದ ದಿನಗಳು ಪರದೆಯ ಮೇಲೆ ಮೊಳೆಗಳಾಗಿ ನಿಂತಿದ್ದವು.

"ಮಣ್ಣಿನ ದಿನ ಕೇಳಿದಾಗ ನನ್ನದು ಅಂತ ಯಾಕೆ ಹೇಳಲಿಲ್ಲ?"

"ಹಾಗಾದರೆ ಇಷ್ಟು ದಿನ ಯಾವುದರಲ್ಲಿ ಇಸ್ತ್ರಿ ಮಾಡಿದೆ ಅಂತ ಯಾರಾದರೂ ಕೇಳಿಬಿಟ್ಟರೆ?" ಮೇಡಂ ಕಣ್ಣೊರೆಸಿದರು. "ಅವನಿಗೆ ಗೊತ್ತಿತ್ತು. ಜ್ವರ ಜೋರಾಗೋ ಹಿಂದಿನ ದಿನ ಬಂದಿದ್ದ. ನಡುಗ್ತಾ ಇದ್ದ. ಮೀಟರ್ ನೋಡಿದ, ನನ್ನ ಲಂಗ ನೋಡಿದ. ಬೈಲಿಲ್ಲ. 'ಮೇಡಂ, ಒಂದು ವಾರ ಅಂತ ತಗೊಂಡು ಎರಡು ತಿಂಗಳು ಇಟ್ಕೊಂಡೆ. ತಪ್ಪು ನನ್ನದು, ನಾಳೆ ತಂದುಕೊಡ್ತೀನಿ,' ಅಂದ. ಅದೇನು ನಿಮ್ಮನೇಲಿ ಅಂಥಾ ಇಸ್ತ್ರಿ ಅಂತ ರೇಗಿಸಿದೆ. ಏನಂದ ಗೊತ್ತಾ? 'ಅವಳು ಬೆಂಚಿನ ಮೇಲೆ ಕಾಯೋದು ನನಗೆ ನೋಡಕ್ಕಾಗಲ್ಲ ಮೇಡಂ. ಅಂಗಿ ಬಿಸಿ ಇದ್ದಾಗ ಹಾಕ್ಕೊಂಡು ಅರೆಕ್ಷಣ ಕಣ್ಣು ಮುಚ್ತಾಳೆ. ಅದನ್ನ ನೋಡಕ್ಕೆ ಒಂದೊಂದು ದಿನ ಮುಂದಕ್ಕೆ ಹಾಕ್ತಾ ಬಂದೆ.'"

ತಾನು ಕಣ್ಣು ಮುಚ್ಚುತ್ತಿದ್ದೆ ಎಂದು ತಿವೊಂಗೆಗೆ ಗೊತ್ತಿರಲಿಲ್ಲ.

ವ್ಯಾನಿನಲ್ಲಿ ಅವನು ಹೇಳಿದ ಮಾತು ಈಗ ಅವಳನ್ನು ಮುಟ್ಟಿತು. ಅದರೊಳಗೆ ಅವಳಿದ್ದಳು.

ಫೋನ್ ತೆಗೆದಳು. ಚಿರ್ವಾ ಮೊದಲ ಗಂಟೆಗೇ ಎತ್ತಿದರು.

"ಬರ್ಕೊಳ್ಳಿ. ವೈರಿಂಗಿನಲ್ಲಿ ಒಂದು ತಪ್ಪೂ ಇಲ್ಲ. ಇಸ್ತ್ರಿ ಪೆಟ್ಟಿಗೆ ಹಾಕಿದ್ದಾರೆ."

"ಅಯ್ಯೋ ಮಗಳೇ! ಶಾಲೆ ಹೋಯ್ತು."

"ಮುಗಿದಿಲ್ಲ. ಅವರ ಇದ್ದಿಲಿನ ಪೆಟ್ಟಿಗೆಯನ್ನ ಎರಡು ತಿಂಗಳು ಇಟ್ಕೊಂಡಿದ್ದು ಸಂಘದ ಮನೆ. ನನ್ನ ಮನೆ. ಅದನ್ನೂ ಬರೀರಿ, ನನ್ನ ಹೆಸರು ಹಾಕಿ. ನಿಯಮ ಮುರಿದದ್ದಕ್ಕೆ ಬಿಚ್ಚಬೇಕಾದರೆ ನಮ್ಮ ಮನೆ ಪ್ಯಾನೆಲ್ ಬಿಚ್ಚಲಿ. ನಮ್ಮ ಎರಡು ಬ್ಯಾಟರಿ ನಾಳೆ ಇಲ್ಲಿಗೆ ಬರುತ್ತೆ. ಜೋಡಿಸೋದು ನಾನು."

"ನೀನು ಕತ್ತಲೆಯಲ್ಲಿ ಕೂರ್ತೀಯಾ?"

"ಹೂಂ."

"ಪರೀಕ್ಷೆ ಮುಗಿಯೋವರೆಗೂ ಪ್ಯಾನೆಲ್ ಮುಟ್ಟಕ್ಕೆ ನಾನು ಬಿಡಲ್ಲ," ಅಂದರು ಚಿರ್ವಾ. ದನಿ ಒಡೆದಿತ್ತು. "ಆಮೇಲೂ ಜಗಳ ಆಡ್ತೀನಿ. ಅವನ ವೈರಿಂಗ್ ಬಗ್ಗೆ ನಾನು ಅಂದದ್ದನ್ನ ಮರೆತುಬಿಡು."

"ಆಗಲ್ಲ," ಎಂದಳು. "ಆದರೂ ಸಂಜೆ ಊಟಕ್ಕೆ ಬನ್ನಿ."

ತಿವೊಂಗೆ ಗಂಟು ಬಿಚ್ಚಿದಳು. ಹುಂಜವನ್ನು ತಿರುಗಿಸಿ ಮುಚ್ಚಳ ಎತ್ತಿದರೆ ಒಳಗೆ ಬೂದಿ. ಅವನು ಕೊನೆಯ ಸಲ ಹೊತ್ತಿಸಿದ್ದು. ಬೂದಿಯ ನಡುವೆ ಪೂರ್ತಿ ಉರಿಯದ ಒಂದು ಇದ್ದಿಲು ಉಳಿದಿತ್ತು.

"ಅಂಗಿ ಕೊಡು," ಅಂದರು ಮೇಡಂ.

"ಬೇಡ."

"ಇಂಥಾ ಅಂಗಿ ಹಾಕ್ಕೊಂಡು ನನ್ನ ಶಾಲೆಯಿಂದ ಯಾರೂ ಹೊರಗೆ ಹೋಗಿಲ್ಲ. ಕೊಡು."

ಅವಳು ಮೇಡಂ ಅವರ ಶಾಲು ಹೊದ್ದು ಶಾಲೆಯ ಅಡುಗೆಕೋಣೆಯ ಒಲೆಯ ಪಕ್ಕ ಕೂತಳು. ಮೇಡಂ ಹೊಸ ಕೆಂಡ ತುಂಬಿದರು. ಉಳಿದಿದ್ದ ಅವನ ಇದ್ದಿಲನ್ನು ತಿವೊಂಗೆಯೇ ಬೆರಳಿನಿಂದ ಎತ್ತಿ ಮೇಲಿಟ್ಟಳು. ಅದು ಮೊದಲು ಕಪ್ಪಗೇ ಇತ್ತು. ಆಮೇಲೆ ಅಂಚಿನಿಂದ ಕೆಂಪಾಯಿತು.

"ಕಾಲರ್ ಕೊನೆಗೆ," ಅಂದಳು.

ಬಿಸಿ ಅಂಗಿ ಹೆಗಲ ಮೇಲೆ ಬಿದ್ದಾಗ ಕಣ್ಣು ತಾನಾಗಿ ಮುಚ್ಚಿತು. ಅರೆಕ್ಷಣವಲ್ಲ, ಬಹಳ ಹೊತ್ತು. ಹತ್ತು ದಿನ ಎಲ್ಲರೂ ಅತ್ತಾಗ ಬಾರದ ನೀರು ಆಗ ಬಂತು. ಮೇಡಂ ಕಾಲರನ್ನು ಒಮ್ಮೆ ನೆಟ್ಟಗೆ ಮಾಡಿದರು.

ಪೆಟ್ಟಿಗೆ ಆರಿದ ಮೇಲೆ ತಿವೊಂಗೆ ಅದನ್ನು ಅಂಗಳಕ್ಕೆ ಒಯ್ದು ಬೂದಿ ಚೆಲ್ಲಿದಳು. ಒಳಗೂ ಹೊರಗೂ ಒರೆಸಿದಳು, ಹುಂಜದ ಕುತ್ತಿಗೆಯ ಸಂದಿನಲ್ಲಿದ್ದ ಮಸಿಯನ್ನೂ. ಮಂಡಿ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಸುಜ್ಗೊ ಕಳಿಸಿದ್ದಾರೆ ಮೇಡಂ," ಅಂದಳು. "ತಡವಾಯ್ತು."